ಸಂಘ ಸಂಘಗಳ ಸಹಯೋಗ: ಶಿವಮೊಗ್ಗ–ಭದ್ರಾವತಿ ಭಾಗದ ರೈತ ಸಂಸ್ಥೆಗಳಿಗೆ ಒಂದು ಪಾಠ

ರೈತನೊಬ್ಬನೇ ಮಾಡಲಾಗದ ಕೆಲಸವನ್ನು ಮಾಡುವುದಕ್ಕೆಂದೇ ಸಂಘಗಳು ಹುಟ್ಟಿಕೊಂಡವು. ಆದರೆ ಸಂಘವೊಂದೇ ಮಾಡಲಾಗದ ಕೆಲಸಗಳೂ ಹಳ್ಳಿಗಳಲ್ಲಿ ಎಷ್ಟೋ ಇವೆ. ಶಿವಮೊಗ್ಗ ಮತ್ತು ಭದ್ರಾವತಿ ತಾಲ್ಲೂಕುಗಳ ಅನೇಕ ಊರುಗಳಲ್ಲಿ ಇಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಹಾಲು ಉತ್ಪಾದಕರ ಸಹಕಾರ ಸಂಘ, ನಾಲೆಯ ನೀರು ಬಳಕೆದಾರರ ಸಹಕಾರ ಸಂಘ, ಮಹಿಳಾ ಸ್ವಸಹಾಯ ಗುಂಪುಗಳು ಹಾಗೂ ಅವುಗಳ ಒಕ್ಕೂಟ ಇವೆಲ್ಲವೂ ಉಂಟು. ಕೆಲವೆಡೆ ಸ್ವಯಂಸೇವಾ ಸಂಸ್ಥೆಗಳೂ ಕೆಲಸ ಮಾಡುತ್ತಿವೆ. ಇವೆಲ್ಲವುಗಳ ಸದಸ್ಯರು ಬಹುಮಟ್ಟಿಗೆ ಅದೇ ಮನೆಗಳವರೇ. ಗಂಡ ಪತ್ತಿನ ಸಂಘದಲ್ಲಿ, ಹೆಂಡತಿ ಸ್ವಸಹಾಯ ಗುಂಪಿನಲ್ಲಿ, ಮಗ ಹಾಲಿನ ಸಂಘದಲ್ಲಿ ಸದಸ್ಯರಾಗಿರುವುದು ಸಾಮಾನ್ಯ. ಆದರೂ ಸಂಘಗಳು ಮಾತ್ರ ಒಂದಕ್ಕೊಂದು ಅಪರಿಚಿತರಂತೆ ಇರುತ್ತವೆ. ಒಂದರ ಗೋದಾಮು ಖಾಲಿ ಇರುವಾಗ ಇನ್ನೊಂದರ ಸದಸ್ಯರು ಇಡಲು ಜಾಗವಿಲ್ಲದೆ ಭತ್ತವನ್ನು ಕಣದಲ್ಲೇ ಮಾರಿಬಿಡುತ್ತಾರೆ. ಒಂದು ಸಂಘ ತನ್ನ ಪಾಲಿನ ನಾಲೆಯ ಹೂಳೆತ್ತಿದರೆ ಮೇಲಿನ ಸಂಘ ಎತ್ತದಿರುವುದರಿಂದ ಆ ಖರ್ಚೂ ವ್ಯರ್ಥವಾಗುತ್ತದೆ.

ಲಾಭವೇ ಗುರಿಯಲ್ಲದ ಇಂತಹ ಸಂಸ್ಥೆಗಳು ಪರಸ್ಪರ ಹೇಗೆ ಕೂಡಿ ಕೆಲಸ ಮಾಡಬಹುದು, ಕೂಡುವಾಗ ಯಾವ ಎಚ್ಚರಿಕೆ ವಹಿಸಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಮುಖ್ಯವಾಗಿ ನೆನಪಿಡಬೇಕಾದ ಮಾತು ಇಷ್ಟೇ: ಸಹಯೋಗವು ಒಂದು ನಿರ್ದಿಷ್ಟ ಕೆಲಸದಿಂದ, ಒಂದು ಬರಹದ ಒಡಂಬಡಿಕೆಯಿಂದ ಮತ್ತು ಒಂದು ತೆರೆದ ಲೆಕ್ಕದಿಂದ ಆರಂಭವಾಗಬೇಕು. ಕೇವಲ ಸದ್ಭಾವನೆಯ ಮೇಲೆ ಕಟ್ಟಿದ ಸಹಯೋಗ ಮೊದಲ ಸುಗ್ಗಿಯಲ್ಲೇ ಮುರಿದುಬೀಳುವ ಸಂಭವ ಹೆಚ್ಚು.

ಸಹಯೋಗ ಎಂದರೇನು?

ಶಿವಮೊಗ್ಗ ತಾಲ್ಲೂಕಿನ ಕೂಡಲಿಯಲ್ಲಿ ತುಂಗಾ ಮತ್ತು ಭದ್ರಾ ನದಿಗಳು ಸೇರಿ ತುಂಗಭದ್ರೆ ಎಂಬ ಒಂದೇ ಹೆಸರು ಪಡೆಯುತ್ತವೆ. ಅಲ್ಲಿಂದ ಮುಂದೆ ಯಾವ ನೀರು ಯಾವ ನದಿಯದೆಂದು ಬೇರ್ಪಡಿಸಲು ಬರುವುದಿಲ್ಲ. ಸಂಘಗಳಲ್ಲಿ ಇದಕ್ಕೆ ವಿಲೀನ ಎನ್ನುತ್ತಾರೆ. ಸಹಯೋಗ ಹಾಗಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಡುವ ಎಡದಂಡೆ ಮತ್ತು ಬಲದಂಡೆ ನಾಲೆಗಳು ಬೇರೆಬೇರೆ ದಾರಿ ಹಿಡಿದು ಬೇರೆಬೇರೆ ಊರುಗಳಿಗೆ ಹರಿಯುತ್ತವೆ. ಆದರೆ ಎರಡರ ಬಾಳೂ ಒಂದೇ ಜಲಾಶಯವನ್ನು ಅವಲಂಬಿಸಿದೆ. ಸಹಯೋಗದಲ್ಲಿ ಪ್ರತಿ ಸಂಘದ ಹೆಸರು, ಸದಸ್ಯತ್ವ, ಉಪವಿಧಿ, ಬ್ಯಾಂಕಿನ ಖಾತೆ ಬೇರೆಯಾಗಿಯೇ ಉಳಿಯುತ್ತವೆ. ಒಪ್ಪಿಕೊಂಡ ಒಂದು ಕೆಲಸದ ಮಟ್ಟಿಗೆ ಮಾತ್ರ ಅವು ಕೂಡುತ್ತವೆ.

ಸಹಯೋಗವು ದಾನವೂ ಅಲ್ಲ. ಒಂದು ಸಂಸ್ಥೆ ಕೊಡುವುದು, ಇನ್ನೊಂದು ಕೈಚಾಚುವುದು ಎಂಬ ಸಂಬಂಧದಲ್ಲಿ ಕೊಡುವವರು ನಿಂತ ದಿನವೇ ಕೆಲಸವೂ ನಿಲ್ಲುತ್ತದೆ. ಎರಡೂ ಕಡೆಯವರು ಏನನ್ನಾದರೂ ತರಬೇಕು. ಎರಡೂ ಕಡೆಯವರಿಗೆ ಏನಾದರೂ ಸಿಗಬೇಕು.

ಈ ವಿಚಾರ ಹೊಸದೇನಲ್ಲ

ಭಾರತದಲ್ಲಿ ಸಹಕಾರ ಪತ್ತಿನ ಸಂಘಗಳ ಮೊದಲ ಕಾನೂನು 1904ರಲ್ಲಿ ಬಂದಿತು. ಮರುವರ್ಷ, ಎಂದರೆ 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಆದರೆ ಮೊದಲ ಕಾನೂನಿನಲ್ಲಿ ಸಂಘಗಳು ಸೇರಿ ಒಕ್ಕೂಟ ಕಟ್ಟಲು ಅವಕಾಶವಿರಲಿಲ್ಲ. ಒಂಟಿ ಸಂಘಗಳಿಗೆ ಬಂಡವಾಳ ಸಾಲದು, ಮೇಲ್ವಿಚಾರಣೆ ಸಾಲದು ಎಂಬುದು ಕೆಲವೇ ವರ್ಷಗಳಲ್ಲಿ ಮನವರಿಕೆಯಾಯಿತು. ಆದುದರಿಂದ 1912ರ ಕಾನೂನಿನಲ್ಲಿ ಕೇಂದ್ರ ಬ್ಯಾಂಕುಗಳು ಹಾಗೂ ಒಕ್ಕೂಟಗಳಿಗೂ, ಪತ್ತಿನ ಹೊರತಾದ ಇತರ ಉದ್ದೇಶದ ಸಂಘಗಳಿಗೂ ಅವಕಾಶ ಮಾಡಿಕೊಡಲಾಯಿತು. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1966ರಲ್ಲಿ ಸಹಕಾರ ತತ್ವಗಳನ್ನು ಪರಿಷ್ಕರಿಸಿದಾಗ ‘ಸಹಕಾರ ಸಂಘಗಳ ನಡುವೆ ಸಹಕಾರ’ ಎಂಬ ತತ್ವವನ್ನು ಸೇರಿಸಿತು. 1995ರಲ್ಲಿ ಅಂಗೀಕಾರವಾದ ಏಳು ತತ್ವಗಳಲ್ಲಿ ಇದು ಆರನೆಯದಾಗಿ ಉಳಿದಿದೆ.

ಕಣ್ಣೆದುರಿನ ಉದಾಹರಣೆಗಳು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಾದಿಯಲ್ಲಿ ಮಾಚೇನಹಳ್ಳಿಯ ಡೈರಿಯನ್ನು ಕಾಣದ ರೈತರಿಲ್ಲ. ಹಾಲು ಕರೆದ ಕೆಲವೇ ಗಂಟೆಗಳಲ್ಲಿ ಕೆಡುವ ಪದಾರ್ಥ. ಹಳ್ಳಿಯ ಸಂಘ ಹಾಲನ್ನು ಅಳೆದು, ಕೊಬ್ಬಿನಂಶ ಪರೀಕ್ಷಿಸಿ, ಲೆಕ್ಕ ಬರೆದುಕೊಳ್ಳಬಹುದು. ಆದರೆ ಅದನ್ನು ಸಂಸ್ಕರಿಸಿ, ಪೊಟ್ಟಣ ಕಟ್ಟಿ, ನಗರಕ್ಕೆ ಮುಟ್ಟಿಸಲು ಅದರಿಂದಾಗದು. ಆದ್ದರಿಂದ ಹಳ್ಳಿಯ ಸಂಘಗಳು ಕೂಡಿ ಹಾಲು ಒಕ್ಕೂಟವನ್ನೂ, ಒಕ್ಕೂಟಗಳು ಕೂಡಿ ರಾಜ್ಯ ಮಹಾಮಂಡಳವನ್ನೂ ಕಟ್ಟಿಕೊಂಡವು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಆರಂಭವಾದ ಈ ಮಾದರಿಯನ್ನು ಅನುಸರಿಸಿ ಕರ್ನಾಟಕದಲ್ಲಿ 1970ರ ದಶಕದಲ್ಲಿ ಹೈನು ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಇಲ್ಲಿ ಗಮನಿಸಬೇಕಾದುದು, ಯಾರ ಕೆಲಸ ಎಲ್ಲಿ ಮುಗಿಯುತ್ತದೆ, ಮುಂದಿನವರ ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬುದು ಸ್ಪಷ್ಟವಾಗಿದೆ. ಹಾಲಿನ ಕ್ಯಾನು ವಾಹನಕ್ಕೆ ಏರುವಾಗ ಅಳತೆಯೂ ಗುಣಮಟ್ಟವೂ ಎರಡೂ ಕಡೆಯ ಪುಸ್ತಕಗಳಲ್ಲಿ ದಾಖಲಾಗುತ್ತವೆ.

ಅಡಿಕೆ ಬೆಳೆಗಾರರಿಗೂ ಇದು ತಿಳಿದ ವಿಷಯವೇ. ಶಿವಮೊಗ್ಗದಲ್ಲಿ ಕೇಂದ್ರ ಕಚೇರಿ ಹೊಂದಿರುವ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್ಕೋಸ್, 1939ರಿಂದ ಕೆಲಸ ಮಾಡುತ್ತಿದೆ. ಅಡಿಕೆಯ ಬೆಲೆ ಕುಸಿದಿದ್ದ ಸಂದರ್ಭದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕಾಸರಗೋಡಿನ ಕನ್ನಡ ರೈತರೂ ದಕ್ಷಿಣ ಕನ್ನಡದ ರೈತರೂ ರಾಜ್ಯದ ಗಡಿಯನ್ನು ಲೆಕ್ಕಿಸದೆ ಒಂದೇ ಮಾರುಕಟ್ಟೆ ವ್ಯವಸ್ಥೆಯಲ್ಲಿ ಕೂಡಿಕೊಂಡರು.

ಇವೆಲ್ಲ ಕೆಳಗಿನಿಂದ ಮೇಲಕ್ಕೆ ಕಟ್ಟಿದ, ಒಂದೇ ಬೆಳೆಗೆ ಅಥವಾ ಒಂದೇ ಪದಾರ್ಥಕ್ಕೆ ಸಂಬಂಧಪಟ್ಟ ವ್ಯವಸ್ಥೆಗಳು. ಅಕ್ಕಪಕ್ಕದ ಸಂಘಗಳು, ಬೇರೆಬೇರೆ ಉದ್ದೇಶದ ಸಂಘಗಳು ಕೂಡುವ ಅಡ್ಡ ಸಹಯೋಗ ಮಾತ್ರ ಇನ್ನೂ ಸಾಕಷ್ಟು ಬೆಳೆದಿಲ್ಲ. ಇಂದು ಅದರ ಅಗತ್ಯ ಹೆಚ್ಚಾಗಿರುವುದು ನೀರಿನ ವಿಷಯದಲ್ಲಿ.

ನೀರಿನ ಪ್ರಶ್ನೆ

ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 71.5 ಟಿಎಂಸಿ. ಒಂದು ಲಕ್ಷ ಹೆಕ್ಟೇರಿಗೂ ಮೀರಿದ ಅಚ್ಚುಕಟ್ಟು ಇದರ ಆಸರೆಯಲ್ಲಿದೆ. ಭದ್ರಾವತಿ, ಶಿವಮೊಗ್ಗ, ತರೀಕೆರೆಯ ರೈತರು ನಾಲೆಯ ಮೇಲ್ಭಾಗದಲ್ಲಿದ್ದರೆ ದಾವಣಗೆರೆ, ಹರಿಹರದ ಕಡೆಯವರು ಕೆಳಭಾಗದಲ್ಲಿದ್ದಾರೆ. ಅಚ್ಚುಕಟ್ಟಿನಲ್ಲಿ ಅಡಿಕೆ ತೋಟಗಳು ವಿಸ್ತರಿಸಿವೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಸಕ್ಕರೆ ಘಟಕವೂ ಇತ್ತು. 2010ರ ದಶಕದ ಮಧ್ಯದಲ್ಲಿ ಉತ್ಪಾದನೆ ನಿಂತ ಮೇಲೆ ಕಬ್ಬಿಗೆ ಹತ್ತಿರದ ಆ ಖರೀದಿದಾರರೂ ಇಲ್ಲವಾದರು. ಭತ್ತಕ್ಕೆ ಬೆಳೆಯ ಕಾಲದಲ್ಲಿ ನಿರಂತರವಾಗಿ ನೀರು ಬೇಕು. ತೋಟಕ್ಕೆ ಬೇಸಿಗೆಯ ಕೊನೆಯವರೆಗೆ ಸ್ವಲ್ಪಸ್ವಲ್ಪವಾದರೂ ಬೇಕು. ಜಲಾಶಯ ತುಂಬಿದ ವರ್ಷ ಈ ಎರಡು ಬೇಡಿಕೆಗಳು ಹೊಂದಿಕೊಂಡು ಹೋಗುತ್ತವೆ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬದಿದ್ದಾಗ, ನಾಟಿ ಮಾಡಿದ್ದ ಭತ್ತದ ರೈತರು ನೀರು ನಿಲ್ಲಿಸಬಾರದೆಂದರು. ತೋಟದವರು ಬೇಸಿಗೆಗೆ ನೀರು ಉಳಿಸಬೇಕೆಂದರು. ದಾವಣಗೆರೆಯಲ್ಲಿ ರೈತರು ಬೀದಿಗಿಳಿದರು. ಎರಡೂ ಕಡೆಯವರ ಬೇಡಿಕೆಗೆ ಕಾರಣವಿತ್ತು. ಇಲ್ಲದಿದ್ದುದು, ಬರ ಬರುವ ಮೊದಲೇ ಎರಡೂ ಕಡೆಯ ಸಂಘಗಳು ಕುಳಿತು ಮಾಡಿಕೊಂಡ ಒಪ್ಪಂದ.

ಇದಕ್ಕೆ ಕಾನೂನಿನಲ್ಲಿ ದಾರಿಯುಂಟು. 1965ರ ಕರ್ನಾಟಕ ನೀರಾವರಿ ಕಾಯಿದೆಗೆ 2000ದಲ್ಲಿ ಮಾಡಿದ ತಿದ್ದುಪಡಿಯಂತೆ ನೀರು ಬಳಕೆದಾರರ ಸಂಘಗಳು ನಾಲ್ಕು ಹಂತಗಳಲ್ಲಿ ರಚನೆಯಾಗಬಹುದು: ಹಳ್ಳಿಯ ಮಟ್ಟದ ಸಹಕಾರ ಸಂಘ, ವಿತರಣಾ ನಾಲೆಯ ಮಟ್ಟದ ಒಕ್ಕೂಟ, ಯೋಜನೆಯ ಮಟ್ಟದ ಒಕ್ಕೂಟ ಮತ್ತು ರಾಜ್ಯ ಮಟ್ಟದ ಸಂಸ್ಥೆ. ಸಂಘವು ನೀರನ್ನು ಒಟ್ಟು ಪ್ರಮಾಣದಲ್ಲಿ ಪಡೆದು ಸದಸ್ಯರಿಗೆ ಹಂಚುವುದು, ನೀರಿನ ಕರ ವಸೂಲು ಮಾಡುವುದು, ಕಾಲುವೆಗಳನ್ನು ನೋಡಿಕೊಳ್ಳುವುದು ಇದರ ಉದ್ದೇಶ.

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ವಾಘಾಡ್ ನೀರಾವರಿ ಯೋಜನೆಯ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ ನೀರು ತಲುಪದೆ ಕಷ್ಟಪಡುತ್ತಿದ್ದ ನಾಲೆಯ ಕೊನೆಯ ಭಾಗದ ರೈತರು 1990ರ ದಶಕದ ಆರಂಭದಲ್ಲಿ ಸಂಘಗಳನ್ನು ಕಟ್ಟಿಕೊಂಡರು. ಓಝರ್‌ನ ಸಮಾಜ ಪರಿವರ್ತನ ಕೇಂದ್ರ ಎಂಬ ಸ್ವಯಂಸೇವಾ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಮುಂದೆ ಇತರ ಭಾಗಗಳಲ್ಲೂ ಸಂಘಗಳು ಆಗಿ, ಎಲ್ಲವೂ ಕೂಡಿ ಯೋಜನಾ ಮಟ್ಟದ ಒಕ್ಕೂಟವಾಯಿತು. ನೀರು ಹಂಚಿದವರು ರೈತರ ಸಂಘಗಳೇ. ಸ್ವಯಂಸೇವಾ ಸಂಸ್ಥೆಯ ಪಾತ್ರ ಸಂಘಟನೆ, ತರಬೇತಿ ಮತ್ತು ಇಲಾಖೆಯೊಡನೆ ಮಾತುಕತೆಗೆ ನೆರವು ಇಷ್ಟಕ್ಕೆ ಸೀಮಿತವಾಗಿತ್ತು. ಒಳ್ಳೆಯ ಸಹಯೋಗದ ಲಕ್ಷಣ ಇದೇ.

ಒಂದು ಲೆಕ್ಕದ ಉದಾಹರಣೆ

ಒಂದು ವಿತರಣಾ ನಾಲೆಯ ಮೇಲೆ ಮೂರು ನೀರು ಬಳಕೆದಾರರ ಸಂಘಗಳಿವೆ ಎಂದು ಭಾವಿಸೋಣ. ಮೇಲಿನ ಸಂಘಕ್ಕೆ 600 ಎಕರೆ, ನಡುವಿನದಕ್ಕೆ 500 ಎಕರೆ, ಕೊನೆಯದಕ್ಕೆ 400 ಎಕರೆ, ಒಟ್ಟು 1,500 ಎಕರೆ ಇದೆ. ನಾಲೆಯ ಹೂಳು ಮತ್ತು ಜೊಂಡು ತೆಗೆಯಲು 1,50,000 ರೂಪಾಯಿ ಬೇಕು.

ಪ್ರತಿ ಸಂಘ ತನ್ನ ಭಾಗವನ್ನು ಮಾತ್ರ ಶುಚಿ ಮಾಡುವುದೆಂದು ಬಿಟ್ಟರೆ, ಮೇಲಿನ ಸಂಘಕ್ಕೆ ಅವಸರವಿರುವುದಿಲ್ಲ. ಏಕೆಂದರೆ ಹೂಳಿದ್ದರೂ ಅದಕ್ಕೆ ನೀರು ಬರುತ್ತದೆ. ಕೊನೆಯ ಸಂಘ ತನ್ನ ಭಾಗವನ್ನು ಎಷ್ಟು ಚೊಕ್ಕಟ ಮಾಡಿದರೂ ನೀರು ಮೇಲೆಯೇ ನಿಲ್ಲುತ್ತದೆ. ಅದರ ಬದಲು ಇಡೀ ನಾಲೆಯ ಖರ್ಚನ್ನು ಎಕರೆಗೆ 100 ರೂಪಾಯಿಯಂತೆ ಹಂಚಿಕೊಂಡರೆ ಮೇಲಿನ ಸಂಘ 60,000, ನಡುವಿನದು 50,000, ಕೊನೆಯದು 40,000 ರೂಪಾಯಿ ಕೊಡಬೇಕಾಗುತ್ತದೆ. ಕೆಲಸವನ್ನು ಬೇಸಿಗೆ ಬೆಳೆಯ ನೀರು ನಿಂತ ಮೇಲೆ, ಮುಂಗಾರು ಬೆಳೆಗೆ ನೀರು ಬಿಡುವ ಮೊದಲು ಮುಗಿಸತಕ್ಕದ್ದು.

ಮೇಲಿನ ಸಂಘ ಇದಕ್ಕೇಕೆ ಒಪ್ಪಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಹೂಳು ತುಂಬಿದ ನಾಲೆಯಲ್ಲಿ ನೀರು ಏರಿ, ಏರಿಗಳು ಒಡೆದು ಮೇಲ್ಭಾಗದ ಗದ್ದೆಗಳೇ ಜವಳಾಗುತ್ತವೆ. ಇದಲ್ಲದೆ, ಮೂರೂ ಸಂಘಗಳು ಕೂಡಿ ಒಬ್ಬ ನೀರಗಂಟಿಯನ್ನು ನೇಮಿಸಿಕೊಂಡರೆ ರಾತ್ರಿ ಕಾವಲಿನ ಹೊರೆ ಎಲ್ಲರಿಗೂ ತಗ್ಗುತ್ತದೆ. ಹತ್ತು ಜನರಿಗೆ ಹುಲ್ಲುಕಡ್ಡಿಯಾದುದು ಒಬ್ಬನಿಗೆ ಹೊರೆ ಎಂಬ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ.

ನೀರಿನ ಕೊರತೆಯಾದಾಗ ಸರದಿ ಪದ್ಧತಿ ಅನುಸರಿಸಬೇಕು. ವಾರಕ್ಕೆ 168 ಗಂಟೆ. ಎಕರೆಯ ಪ್ರಕಾರ ಹಂಚಿದರೆ ಮೇಲಿನ ಸಂಘಕ್ಕೆ ಸುಮಾರು 67, ನಡುವಿನದಕ್ಕೆ 56, ಕೊನೆಯದಕ್ಕೆ 45 ಗಂಟೆ ಬರುತ್ತದೆ. ಆದರೆ ನೀರು ಕೊನೆಯವರೆಗೆ ಹರಿಯುವಾಗ ದಾರಿಯಲ್ಲಿ ಇಂಗಿ ನಷ್ಟವಾಗುವುದರಿಂದ ಕೊನೆಯ ಸಂಘಕ್ಕೆ ಕೆಲವು ಗಂಟೆ ಹೆಚ್ಚು ಕೊಟ್ಟು 64, 55 ಮತ್ತು 49 ಗಂಟೆ ಎಂದು ಒಪ್ಪಿಕೊಳ್ಳುವುದು ನ್ಯಾಯ. ಒಂದು ಕ್ಯುಸೆಕ್ ನೀರು 24 ಗಂಟೆ ಹರಿದರೆ, ನಷ್ಟವನ್ನು ಬಿಟ್ಟು, ಸುಮಾರು 12 ಎಕರೆಯಲ್ಲಿ 2 ಅಂಗುಲ ನೀರು ನಿಲ್ಲುತ್ತದೆ. ಈ ಲೆಕ್ಕ ಗೊತ್ತಿದ್ದರೆ ಮಾತುಕತೆ ಊಹೆಯ ಮೇಲೆ ನಡೆಯದೆ ಅಳತೆಯ ಮೇಲೆ ನಡೆಯುತ್ತದೆ. ಸರದಿಯ ಪಟ್ಟಿಯನ್ನು ಮೂರೂ ಸಂಘಗಳ ಕಚೇರಿಯ ಗೋಡೆಗೆ ಹಚ್ಚಬೇಕು.

ಗೋದಾಮು ಮತ್ತು ಭತ್ತ

ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಮಾರುವುದರಿಂದ ಭತ್ತದ ಬೆಲೆ ಇಳಿಯುತ್ತದೆ. ಪತ್ತಿನ ಸಂಘದ ಗೋದಾಮಿನಲ್ಲಿ ಜಾಗವಿರಬಹುದು; ಆದರೆ ಭತ್ತವನ್ನು ಒಣಗಿಸಿ, ತೂರಿ, ಚೀಲ ತುಂಬುವ ಕೈಗಳು ಅಲ್ಲಿಲ್ಲ. ಸ್ವಸಹಾಯ ಗುಂಪುಗಳಲ್ಲಿ ಕೈಗಳಿವೆ, ಆದರೆ ಗೋದಾಮಿಲ್ಲ. ಇವೆರಡು ಕೂಡುವುದು ಸುಲಭವಾದ ಸಹಯೋಗ. ಗೋದಾಮು, ತಕ್ಕಡಿ ಮತ್ತು ದಾಸ್ತಾನಿನ ಮೇಲಿನ ಅಡಮಾನ ಸಾಲದ ವ್ಯವಸ್ಥೆ ಪತ್ತಿನ ಸಂಘದ್ದು. ಒಣಗಿಸುವ, ಶುಚಿ ಮಾಡುವ ಕೆಲಸ ಗುಂಪಿನದು. ಗುಂಪಿಗೆ ಕ್ವಿಂಟಾಲಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಬೇಕು.

ಇಂತಹ ಕೆಲಸದಲ್ಲಿ ಜಗಳ ಹುಟ್ಟುವುದು ಸಾಮಾನ್ಯವಾಗಿ ತೂಕದ ವಿಷಯದಲ್ಲಿ. ತೇವಾಂಶ ಶೇಕಡ 20 ಇರುವ 100 ಕೆ.ಜಿ. ಭತ್ತವನ್ನು ಶೇಕಡ 14ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 93 ಕೆ.ಜಿ. ಮಾತ್ರ. ಯಾರೂ ಕದಿಯದಿದ್ದರೂ 7 ಕೆ.ಜಿ. ಕಡಿಮೆಯಾಗುತ್ತದೆ. ಒಳಗೆ ತರುವಾಗ ತೇವಾಂಶವನ್ನು ಅಳೆದು ಬರೆಯದಿದ್ದರೆ ಗುಂಪಿನ ಮಹಿಳೆಯರ ಮೇಲೆ ಅಪವಾದ ಬರುತ್ತದೆ, ಸಹಯೋಗ ಅಲ್ಲಿಗೆ ಮುಗಿಯುತ್ತದೆ. ಆದುದರಿಂದ ಪ್ರತಿ ರೈತನ ಭತ್ತಕ್ಕೂ ತೂಕ, ತೇವಾಂಶ, ತಳಿ, ದಿನಾಂಕ ನಮೂದಿಸಿದ ಚೀಟಿಯನ್ನು ಎರಡು ಪ್ರತಿ ಬರೆದು ಒಂದನ್ನು ರೈತನಿಗೆ ಕೊಡತಕ್ಕದ್ದು. ಬೆಂಬಲ ಬೆಲೆಯ ಖರೀದಿಯಲ್ಲಿ ಶೇಕಡ 17ಕ್ಕಿಂತ ಹೆಚ್ಚು ತೇವಾಂಶವಿರುವ ಭತ್ತವನ್ನು ಒಪ್ಪುವುದಿಲ್ಲವೆಂಬುದನ್ನೂ, ಹೆಚ್ಚು ಕಾಲ ಇಡುವುದಾದರೆ ಶೇಕಡ 12ರಿಂದ 14ಕ್ಕೆ ಇಳಿಸಬೇಕೆಂಬುದನ್ನೂ ಸದಸ್ಯರಿಗೆ ಮೊದಲೇ ತಿಳಿಸಬೇಕು.

ಹುಲ್ಲು ಮತ್ತು ಹಾಲು

ಕಟಾವು ಯಂತ್ರ ಬಂದ ಮೇಲೆ ಭತ್ತದ ಹುಲ್ಲು ಗದ್ದೆಯಲ್ಲೇ ಉಳಿದು ಎಷ್ಟೋ ಕಡೆ ಬೆಂಕಿಗೆ ಆಹುತಿಯಾಗುತ್ತಿದೆ. ಅದೇ ಊರಿನ ಹಾಲು ಉತ್ಪಾದಕರು ಬೇಸಿಗೆಯಲ್ಲಿ ಹುಲ್ಲನ್ನು ದುಬಾರಿ ಬೆಲೆಗೆ ಕೊಳ್ಳುತ್ತಾರೆ. ಹಸುವೊಂದಕ್ಕೆ ದಿನಕ್ಕೆ 5ರಿಂದ 6 ಕೆ.ಜಿ. ಒಣಮೇವು ಎಂದರೂ ವರ್ಷಕ್ಕೆ ಸುಮಾರು 20 ಕ್ವಿಂಟಾಲ್ ಬೇಕು. ನೀರು ಬಳಕೆದಾರರ ಸಂಘವು ಯಾವ ಗದ್ದೆ ಯಾವ ದಿನ ಕಟಾವಾಗುತ್ತದೆಂಬ ಪಟ್ಟಿಯನ್ನು ಹಾಲಿನ ಸಂಘಕ್ಕೆ ಕೊಟ್ಟರೆ, ಹಾಲಿನ ಸಂಘವು ಹುಲ್ಲು ಕಟ್ಟುವ ಯಂತ್ರವನ್ನು ಬಾಡಿಗೆಗೆ ತರಿಸಿ ಪಿಂಡಿ ಕಟ್ಟಿಸಬಹುದು. ಹುಲ್ಲಿನ ಬೆಲೆಯನ್ನು ಹಾಲಿನ ಹಣದಲ್ಲಿ ಕಂತಾಗಿ ಹಿಡಿದುಕೊಂಡರೆ ಕೊಳ್ಳುವವರಿಗೂ ಹಗುರ. ಹುಲ್ಲಿನ ಪೋಷಕಾಂಶ ಹೆಚ್ಚಿಸಲು 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡುವ ವಿಧಾನವನ್ನು ತಜ್ಞರ ಮಾರ್ಗದರ್ಶನದಲ್ಲಿ ಅನುಸರಿಸಬಹುದು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ತಿನ್ನಿಸಬಾರದು. ಈ ಬಗ್ಗೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ಪಶುವೈದ್ಯರನ್ನು ಸಂಪರ್ಕಿಸುವುದು ಸೂಕ್ತ.

ಸ್ವಯಂಸೇವಾ ಸಂಸ್ಥೆಯೊಡನೆ ಕೂಡುವಾಗ

ಸ್ವಯಂಸೇವಾ ಸಂಸ್ಥೆಗಳ ಬಲವಿರುವುದು ತರಬೇತಿ, ಸಂಘಟನೆ ಮತ್ತು ಹೊಸ ಪ್ರಯೋಗಗಳಲ್ಲಿ. ಕರ್ನಾಟಕದಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯು 1980ರ ದಶಕದ ಮಧ್ಯದಲ್ಲಿ, ದೊಡ್ಡ ಸಹಕಾರ ಸಂಘಗಳಲ್ಲಿ ನಂಬಿಕೆ ಕಳೆದುಕೊಂಡ ಬಡ ಸದಸ್ಯರು ಪರಿಚಿತರ ಸಣ್ಣ ಗುಂಪುಗಳಲ್ಲಿ ಕೂಡುತ್ತಿರುವುದನ್ನು ಗಮನಿಸಿ ಆ ಗುಂಪುಗಳಿಗೆ ಬೆಂಬಲ ಕೊಟ್ಟಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ನೆರವು ನೀಡಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಗುಂಪು, ಸ್ವಯಂಸೇವಾ ಸಂಸ್ಥೆ, ಬ್ಯಾಂಕು ಈ ಮೂವರೂ ತಮ್ಮತಮ್ಮ ಕೆಲಸವನ್ನೇ ಮಾಡಿದ್ದರಿಂದ ಅದು ಬೆಳೆಯಿತು.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಆದ ತಿದ್ದುಪಡಿಯಂತೆ, ವಿದೇಶಿ ದೇಣಿಗೆ ಪಡೆದ ಸಂಸ್ಥೆಯು ಆ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆದ್ದರಿಂದ ಯಾವ ಸಂಸ್ಥೆಯಾದರೂ ಹಣ ಕೊಡುವುದಾಗಿ ಹೇಳಿದರೆ ಅದರ ಮೂಲವನ್ನು ಕೇಳಿ ತಿಳಿಯುವುದು ಅವಮಾನವಲ್ಲ, ಕರ್ತವ್ಯ. ಅಂತೆಯೇ ಸಹಕಾರ ಸಂಘದ ನಿಧಿಯನ್ನು ಅದರ ಉಪವಿಧಿಯಲ್ಲಿ ಹೇಳದ ಉದ್ದೇಶಕ್ಕೆ ಬಳಸಬಾರದು.

ಸಹಯೋಗ ಕಟ್ಟುವ ಕ್ರಮ

1. ಕೆಲಸವನ್ನು ಆರಿಸುವುದು: ಒಂದೇ ಸುಗ್ಗಿಯಲ್ಲಿ ಅಥವಾ ಒಂದೇ ನಾಲೆಯ ಅವಧಿಯಲ್ಲಿ ಮುಗಿಯುವ ಸಣ್ಣ ಕೆಲಸವನ್ನು ಆರಿಸಬೇಕು. ಗ್ರಾಮಾಭಿವೃದ್ಧಿ ಎಂಬುದು ಕೆಲಸವಲ್ಲ. ಮೂರು ಕಿಲೋಮೀಟರ್ ನಾಲೆಯ ಹೂಳೆತ್ತುವುದು ಕೆಲಸ.

2. ಜೊತೆಗಾರರನ್ನು ಆರಿಸುವುದು: ಆ ಸಂಘದ ಕಳೆದ ಎರಡು ಮೂರು ವರ್ಷಗಳ ಲೆಕ್ಕ ಪರಿಶೋಧನಾ ವರದಿ, ಸಭೆ ನಡೆಯುವ ಕ್ರಮ, ಸಾಲ ಮರುಪಾವತಿಯ ಸ್ಥಿತಿ ನೋಡಬೇಕು. ತಮ್ಮ ಪುಸ್ತಕಗಳನ್ನೂ ಅವರಿಗೆ ತೋರಿಸಬೇಕು.

3. ಸದಸ್ಯರ ಒಪ್ಪಿಗೆ: ಅಧ್ಯಕ್ಷರಿಬ್ಬರ ಸ್ನೇಹ ಸಾಲದು. ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಹಣ ತೊಡಗಿಸುವ ಕೆಲಸವಾದರೆ ಮಹಾಸಭೆಯ ಮುಂದಿಡಬೇಕು. ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ನಡೆಯುವ ವಾರ್ಷಿಕ ಮಹಾಸಭೆ ಇದಕ್ಕೆ ತಕ್ಕ ಸಂದರ್ಭ.

4. ಜಂಟಿ ಸಮಿತಿ: ಪ್ರತಿ ಸಂಘದಿಂದ ಇಬ್ಬರು ಅಥವಾ ಮೂವರು ಸಾಕು. ಅವರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ನಾಲೆಯ ಕೊನೆಯ ಭಾಗದ ರೈತರು ಇರಬೇಕು. ದೊಡ್ಡ ಸಂಘಕ್ಕೆ ಹೆಚ್ಚು ಮತ ಕೊಟ್ಟರೆ ಸಣ್ಣದು ದೂರ ಸರಿಯುತ್ತದೆ.

5. ಬರಹದ ಒಡಂಬಡಿಕೆ: ಎರಡು ಪುಟದ ಸರಳ ಕನ್ನಡದಲ್ಲಿ ಬರೆದು ಸಭೆಯಲ್ಲಿ ಗಟ್ಟಿಯಾಗಿ ಓದಿ ಸಹಿ ಮಾಡಬೇಕು.

6. ಲೆಕ್ಕ: ಜಂಟಿ ಕೆಲಸಕ್ಕೆ ಬೇರೆ ಜಮಾ-ಖರ್ಚಿನ ಪುಸ್ತಕವಿರಬೇಕು. ಸಂಘದ ಇತರ ಹಣದೊಡನೆ ಬೆರೆಸಬಾರದು. ಪ್ರತಿ ತಿಂಗಳು ಲೆಕ್ಕವನ್ನು ಎಲ್ಲ ಸಂಘಗಳ ಫಲಕದಲ್ಲಿ ಹಾಕಬೇಕು.

7. ಪರಿಶೀಲನೆ: ಕೆಲಸ ಮುಗಿದ ಮೇಲೆ ಜಂಟಿ ಸಭೆ ಕರೆದು, ಏನು ಆಯಿತು, ಏನು ಆಗಲಿಲ್ಲ, ಮುಂದುವರಿಸಬೇಕೆ ಎಂದು ತೀರ್ಮಾನಿಸಬೇಕು.

ಒಡಂಬಡಿಕೆಯಲ್ಲಿ ಇರಬೇಕಾದ ಅಂಶಗಳು

ಕೆಲಸದ ವಿವರ ಮತ್ತು ಗಡಿ. ಆರಂಭ ಮತ್ತು ಮುಕ್ತಾಯದ ದಿನಾಂಕ. ಪ್ರತಿ ಸಂಘ ಕೊಡುವ ಹಣ, ಜನ, ಜಾಗ ಅಥವಾ ಯಂತ್ರ. ಬಂದ ಆದಾಯದ ಹಂಚಿಕೆ. ನಷ್ಟವಾದರೆ ಅದರ ಹಂಚಿಕೆ. ಲೆಕ್ಕ ಬರೆಯುವವರ ಮತ್ತು ಪರಿಶೀಲಿಸುವವರ ಹೆಸರು. ಕೊಂಡ ಯಂತ್ರ ಯಾರ ಸ್ವತ್ತು, ರಿಪೇರಿ ಯಾರದು ಎಂಬುದು. ಭಿನ್ನಾಭಿಪ್ರಾಯ ಬಂದರೆ ಎಷ್ಟು ದಿನದೊಳಗೆ, ಯಾರ ಮುಂದೆ ಬಗೆಹರಿಸಿಕೊಳ್ಳಬೇಕೆಂಬುದು. ಒಂದು ಸಂಘ ಹೊರಹೋಗಬೇಕಾದರೆ ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು ಎಂಬುದು.

ಇವುಗಳಲ್ಲಿ ನಷ್ಟದ ಹಂಚಿಕೆ ಮತ್ತು ಹೊರಹೋಗುವ ಕ್ರಮ ಎಂಬ ಎರಡು ಅಂಶಗಳನ್ನು ಬರೆಯಲು ಸಾಮಾನ್ಯವಾಗಿ ಎಲ್ಲರೂ ಹಿಂಜರಿಯುತ್ತಾರೆ. ಶುಭಕಾರ್ಯದ ಆರಂಭದಲ್ಲಿ ಮುರಿಯುವ ಮಾತೇಕೆ ಎಂಬುದು ಅವರ ಭಾವನೆ. ಆದರೆ ಈ ಎರಡನ್ನು ಮೊದಲೇ ಬರೆದಿಟ್ಟರೆ, ಕಷ್ಟ ಬಂದಾಗ ಕೆಲಸ ಮುರಿದರೂ ಊರಿನ ಸಂಬಂಧ ಮುರಿಯುವುದಿಲ್ಲ.

ತಪ್ಪಿಸಬೇಕಾದ ದೋಷಗಳು

ಕೆಲಸಕ್ಕಿಂತ ಮೊದಲು ದೊಡ್ಡ ಸಮಾರಂಭ ಮಾಡುವುದು, ಒಬ್ಬರೇ ವ್ಯಕ್ತಿ ಮೂರು ಸಂಘಗಳ ಪರವಾಗಿ ಸಹಿ ಮಾಡುವುದು, ಸಹಾಯಧನ ಬರುತ್ತದೆಂಬ ಒಂದೇ ಕಾರಣಕ್ಕೆ ಕೂಡುವುದು, ಚುನಾವಣೆಯ ಪಕ್ಷಭೇದವನ್ನು ಜಂಟಿ ಸಮಿತಿಗೆ ತರುವುದು, ಮಹಿಳಾ ಗುಂಪನ್ನು ಅಗ್ಗದ ಕೂಲಿಯವರಂತೆ ಕಾಣುವುದು, ಇವು ಸಹಯೋಗವನ್ನು ಕೆಡಿಸುವ ಮುಖ್ಯ ದೋಷಗಳು. ಅಧ್ಯಕ್ಷರು ಬದಲಾದ ಕೂಡಲೇ ಒಪ್ಪಂದ ಮರೆತುಹೋಗುವುದೂ ಉಂಟು. ನಡಾವಳಿ ಪುಸ್ತಕದಲ್ಲಿ ಒಡಂಬಡಿಕೆಯ ಪ್ರತಿ ಅಂಟಿಸಿದ್ದರೆ ಹೊಸ ಮಂಡಳಿಗೆ ಅದು ತಿಳಿಯದೆ ಹೋಗುವುದಿಲ್ಲ.

ಉಪಸಂಹಾರ

ಮಳೆ ಕಡಿಮೆಯಾದ ವರ್ಷ ಜಲಾಶಯದ ನೀರನ್ನು ಹೆಚ್ಚಿಸಲು ಯಾವ ಸಂಘಕ್ಕೂ ಸಾಧ್ಯವಿಲ್ಲ. ಇರುವ ನೀರು ಕೊನೆಯ ಗದ್ದೆಗೂ ತಲುಪುವಂತೆ ಮಾಡುವುದು, ಇರುವ ಗೋದಾಮು ಖಾಲಿ ಬೀಳದಂತೆ ನೋಡುವುದು, ಇರುವ ಹುಲ್ಲು ಬೂದಿಯಾಗದಂತೆ ತಡೆಯುವುದು ಮಾತ್ರ ಸಂಘಗಳ ಕೈಯಲ್ಲಿದೆ. ಇದಕ್ಕೆ ಹೊಸದೊಂದು ಸಂಘವನ್ನು ಹುಟ್ಟುಹಾಕುವ ಅಗತ್ಯವಿಲ್ಲ. ಮುಂದಿನ ಬೆಳೆಗೆ ನಾಲೆಯಲ್ಲಿ ನೀರು ಬಿಡುವ ಮುನ್ನ, ಒಂದೇ ವಿತರಣಾ ನಾಲೆಯ ಸಂಘಗಳ ಪದಾಧಿಕಾರಿಗಳು ಒಂದು ದಿನ ನಾಲೆಯ ಉದ್ದಕ್ಕೂ ಕೂಡಿ ನಡೆದು, ಹೂಳು, ಬಿರುಕು, ಒಡೆದ ತೂಬುಗಳನ್ನು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯ ಆರಂಭ. ಆ ಪಟ್ಟಿಯೇ ಅವರ ಮೊದಲ ಒಡಂಬಡಿಕೆಗೆ ಆಧಾರವಾಗುತ್ತದೆ.